ಉರುಳಿಸದೆ ಅಳೆದ ಕಾರು

ಜೂನ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ಆ ಬಿಳಿ ಕಾರು ನಮ್ಮ ಅಂಗಡಿಗೆ ಬಂತು. ಗೇಟಿನ ಮುಂದಿನ ಚರಂಡಿ ಚಪ್ಪಡಿಯನ್ನು ದಾಟಲು ಅದಕ್ಕೆ ನಾಲ್ಕು ನಿಮಿಷ ಹಿಡಿಯಿತು. ನೇರವಾಗಿ ಬಂದರೆ ಹೊಟ್ಟೆ ಕೆರೆಯುತ್ತಿತ್ತು. ಓಡಿಸುತ್ತಿದ್ದ ಹುಡುಗ ಓರೆಯಾಗಿ ಒಂದು ಚಕ್ರ ಹತ್ತಿಸಿ, ಅದು ಇಳಿದ ಮೇಲೆ ಇನ್ನೊಂದನ್ನು ಹತ್ತಿಸಿ ಒಳಗೆ ತಂದ. ಅಷ್ಟರಲ್ಲಿ ಹಿಂದೆ ನಿಂತ ಆಟೋದವನು ಎರಡು ಸಲ ಹಾರ್ನ್ ಹೊಡೆದು, ಕಾರಿಗೆ ಕಾಲು ಮುರಿದಿದೆಯಾ ಎಂದು ಕೇಳಿ ಹೋದ.

ನಾನು ಬನಶಂಕರಿ ಎರಡನೇ ಹಂತದ ಒಂದು ಟೈರ್ ಅಂಗಡಿಯಲ್ಲಿ ವೀಲ್ ಅಲೈನ್‌ಮೆಂಟ್ ಮಾಡುತ್ತೇನೆ. ಅಳೆದದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುವುದು ಡಿಪ್ಲೊಮಾ ಓದುವಾಗಲೇ ಅಂಟಿದ ಅಭ್ಯಾಸ. ಆ ದಿನದ ಸಾಲು ಹೀಗಿದೆ: ಮುಂದಿನ ಎಡ ಟೈರು, ಟ್ರೆಡ್ಡಿನ (ಟೈರಿನ ಮೇಲಿನ ಗೀರುಗಳ) ಆಳ ಹೊರ ಅಂಚಿನಲ್ಲಿ 6, ನಡುವೆ 5.2, ಒಳ ಅಂಚಿನಲ್ಲಿ 1.5 ಮಿಲಿಮೀಟರ್. ಬಲಗಡೆಯದೂ ಹೆಚ್ಚುಕಡಿಮೆ ಅಷ್ಟೆ. ಟೈರು ಹಾಕಿಸಿ ಐದು ತಿಂಗಳೂ ಆಗಿರಲಿಲ್ಲ.

ಕಾರು ತಂದ ಹುಡುಗನಿಗೆ ಇಪ್ಪತ್ತಾರು ವರ್ಷವಿರಬಹುದು. ಸುಬ್ರಹ್ಮಣ್ಯಪುರದವನು. ನಮ್ಮ ಅಂಗಡಿ ಇರುವ ಕಟ್ಟಡ ಅವನ ತಂದೆಯದು. ಅಂದಕ್ಕೆಂದು ಕಾರನ್ನು ಎರಡು ಇಂಚು ತಗ್ಗಿಸಿದ್ದ. ಸ್ಪ್ರಿಂಗಿನ ಕೆಳಗೆ ತಿರುಪಿನ ಬಳೆಗಳಿರುವ ಸಸ್ಪೆನ್ಷನ್ ಅದು. ಬಳೆ ತಿರುಗಿಸಿದರೆ ಕಾರು ಏರುತ್ತದೆ, ಇಳಿಯುತ್ತದೆ. ಅವನ ಷರತ್ತು ಒಂದೇ ಇತ್ತು.

“ಹೈಟ್ ಮಾತ್ರ ಮುಟ್ಬೇಡಿ ಮೇಡಂ. ಮಿಕ್ಕಿದ್ದು ಏನ್ ಬೇಕಾದ್ರೂ ಮಾಡಿ. ಟೈರ್ ಉಳೀಬೇಕು, ಅಷ್ಟೆ.”

ಕಾರು ತಗ್ಗಿದಾಗ ಎರಡು ಸಂಗತಿಗಳು ನಡೆಯುತ್ತವೆ. ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ. ಇದಕ್ಕೆ ಕ್ಯಾಂಬರ್ ಎನ್ನುತ್ತೇವೆ. ಜೊತೆಗೆ ಚಕ್ರಗಳನ್ನು ಸ್ಟೀರಿಂಗಿಗೆ ಜೋಡಿಸುವ ಸರಳಿನ ಓರೆ ಬದಲಾಗಿ, ಮುಂದಿನ ಎರಡು ಚಕ್ರಗಳ ಮೂತಿ ಒಂದಕ್ಕೊಂದು ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಇದು ಟೋ. ಕ್ಯಾಂಬರ್ ಟೈರನ್ನು ನಿಧಾನವಾಗಿ ತಿನ್ನುತ್ತದೆ. ಟೋ ತಪ್ಪಿದರೆ ಬೇಗ ತಿನ್ನುತ್ತದೆ, ಏಕೆಂದರೆ ಚಕ್ರ ಉರುಳುವಾಗ ಪಕ್ಕಕ್ಕೂ ಉಜ್ಜಿಕೊಂಡೇ ಹೋಗುತ್ತಿರುತ್ತದೆ. ಇದನ್ನು ಅವನಿಗೆ ವಿವರಿಸಿದೆ. ಹೊಸ ಟೈರು ಹಾಕಿ ಟೋ ಸರಿಮಾಡುತ್ತೇನೆ, ಎರಡು ವಾರಕ್ಕೊಮ್ಮೆ ಬಂದು ಟ್ರೆಡ್ ಅಳೆಸಬೇಕು ಎಂದೆ. ಒಪ್ಪಿದ.

ನಮ್ಮಲ್ಲಿ ಅಲೈನ್‌ಮೆಂಟಿನ ಯಂತ್ರ ಕೊಡುವ ಪ್ರತಿ ಪ್ರಿಂಟಿನ ಮೂಲೆಯಲ್ಲೂ ಮೇಸ್ತ್ರಿಯ ಸಹಿ ಇರಬೇಕು. ಮೇಸ್ತ್ರಿಗೆ ಐವತ್ತೇಳು ವರ್ಷ. ಯಂತ್ರ ಬರುವ ಮೊದಲು ದಾರ ಕಟ್ಟಿ ಚಕ್ರ ಅಳೆಯುತ್ತಿದ್ದವರು. ನನಗೆ ಕೆಲಸ ಕಲಿಸಿದವರು. ಮೊದಲ ವರ್ಷ ನನ್ನ ಪ್ರತಿಯೊಂದು ಪ್ರಿಂಟನ್ನೂ ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿ ಸಹಿ ಮಾಡುತ್ತಿದ್ದರು. ಜನವರಿಯಿಂದ ಓದುವುದನ್ನು ಬಿಟ್ಟಿದ್ದರು. ನಾನು ಹಾಳೆ ಚಾಚಿದರೆ, ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತದೆ, “ನೀನ್ ಮಾಡಿದ್ದಲ್ವಾ, ಕೊಡು” ಎಂದು ಗೀಚಿ ಕೊಡುತ್ತಿದ್ದರು. ಅದು ನನಗೆ ಎಷ್ಟು ಹೆಮ್ಮೆಯ ವಿಷಯವಾಗಿತ್ತೆಂದರೆ, ಓದದೆ ಸಹಿ ಮಾಡಿದ ಪ್ರಿಂಟುಗಳನ್ನು ಡೈರಿಯ ಹಿಂದಿನ ಪುಟದಲ್ಲಿ ಗೆರೆ ಹಾಕಿ ಎಣಿಸುತ್ತಿದ್ದೆ. ಜೂನ್ ಹೊತ್ತಿಗೆ ಇನ್ನೂರು ದಾಟಿತ್ತು.

ಯಂತ್ರ ಅಳೆಯುವ ರೀತಿಯನ್ನು ಇಲ್ಲಿ ಹೇಳಬೇಕು. ಪ್ರತಿ ಚಕ್ರಕ್ಕೂ ನಾಲ್ಕು ಕೊಕ್ಕೆಗಳ ಕ್ಲ್ಯಾಂಪಿನಿಂದ ಒಂದು ಫಲಕ ಕಚ್ಚಿಸುತ್ತೇವೆ. ಎದುರಿನ ಕ್ಯಾಮೆರಾ ಫಲಕವನ್ನು ನೋಡಿ ಚಕ್ರದ ದಿಕ್ಕನ್ನು ಲೆಕ್ಕ ಹಾಕುತ್ತದೆ. ಆದರೆ ಫಲಕವೇ ಚಕ್ರದ ಮೇಲೆ ಕೊಂಚ ಸೊಟ್ಟಗೆ ಕೂತಿದ್ದರೆ? ಅದಕ್ಕಾಗಿ ಅಳೆಯುವ ಮೊದಲು ಕಾರನ್ನು ಕೈಯಿಂದ ತಳ್ಳಿ ಒಂದಡಿ ಹಿಂದಕ್ಕೆ, ಮತ್ತೆ ಒಂದಡಿ ಮುಂದಕ್ಕೆ ಉರುಳಿಸಬೇಕು. ಫಲಕ ಎಷ್ಟು ಸೊಟ್ಟ ಎಂದು ಯಂತ್ರ ಆಗ ತಿಳಿದುಕೊಂಡು ಅಷ್ಟನ್ನು ಕಳೆಯುತ್ತದೆ. ಉರುಳಿಸದೆ ಮುಂದುವರಿಯಲು ಪರದೆಯ ಮೂಲೆಯಲ್ಲಿ ಒಂದು ಬಟನ್ ಇದೆ. ಅದನ್ನು ಒತ್ತಬಾರದು ಎಂಬುದು ಮೇಸ್ತ್ರಿ ನನಗೆ ಮೊದಲ ದಿನ ಹೇಳಿಕೊಟ್ಟ ಪಾಠ.

ರ‍್ಯಾಂಪಿನ ಮುಂದಿನ ತುದಿಯಲ್ಲಿ, ಅಳೆಯಲು ಹತ್ತಿಸಿದ ಕಾರು ಮುಂದೆ ಉರುಳಿ ಬೀಳದಂತೆ ಎರಡು ಕಬ್ಬಿಣದ ತಡೆಗಳಿವೆ. ಬಿಳಿ ಕಾರಿನ ಬಂಪರಿನ ತುಟಿ ಆ ತಡೆಗಳಿಗಿಂತ ಕೆಳಗಿತ್ತು. ಅವನ್ನು ಬಿಚ್ಚಿ, ಹಿಂದೆ ಹಲಗೆ ಜೋಡಿಸಿ, ಕಾರನ್ನು ಹತ್ತಿಸಿದೆವು. ತಡೆ ಇಲ್ಲದೆ ಉರುಳಿಸಬೇಕಾದರೆ ಒಬ್ಬರು ತಳ್ಳಬೇಕು, ಒಬ್ಬರು ಬ್ರೇಕಿನ ಮೇಲೆ ಕಾಲಿಟ್ಟು ಕೂರಬೇಕು. ಮೇಸ್ತ್ರಿ ಇನ್ನೊಂದು ಗಾಡಿಯ ಕೆಳಗಿದ್ದರು. ಹುಡುಗ ರ‍್ಯಾಂಪಿನ ಖಾಲಿ ತುದಿ ನೋಡಿಯೇ ಬೆವೆತಿದ್ದ. ಉರುಳಿಸೋದೇನೂ ಬೇಡ ಮೇಡಂ, ಹಾಗೇ ಮಾಡಿಬಿಡಿ ಎಂದ. ಹೊರಗೆ ಇನ್ನೂ ಮೂರು ಕಾರುಗಳು ಕಾದಿದ್ದವು. ಬಟನ್ ಒತ್ತಿದೆ.

ಸರಳುಗಳನ್ನು ತಿರುಗಿಸಿ ಟೋ ಒಂದು ಮಿಲಿಮೀಟರ್ ಒಳಕ್ಕೆ ತಂದೆ. ಪರದೆಯಲ್ಲಿ ಟೋ ಹಸಿರಾಯಿತು, ಕ್ಯಾಂಬರ್ ಕೆಂಪಾಗಿಯೇ ಉಳಿಯಿತು. ಆ ಎತ್ತರಕ್ಕೆ ಅದು ನಿರೀಕ್ಷಿಸಿದ್ದೇ. ಡೈರಿಯ ಕೊನೆಯ ಕಾಲಮಿನಲ್ಲಿ ‘ರೋಲ್ ಬಿಟ್ಟೆ’, ಅಂದರೆ ಉರುಳಿಸಲಿಲ್ಲ, ಎಂದು ಬರೆದೆ. ಪ್ರಿಂಟನ್ನು ಮೇಸ್ತ್ರಿಯ ಕಡೆ ಚಾಚಿದೆ. ಅವರು ಗಾಡಿಯ ಕೆಳಗಿನಿಂದಲೇ ಕೈ ನೀಡಿ ಸಹಿ ಮಾಡಿದರು.

ಹೊಸ ಟೈರಿನ ಟ್ರೆಡ್ 7.5 ಇತ್ತು. ಎರಡು ವಾರದ ಮೇಲೆ ಎಡ ಚಕ್ರದ ಒಳ ಅಂಚು 7. ನಾಲ್ಕು ವಾರಕ್ಕೆ 6.1. ಹೊರ ಅಂಚು ಸವೆದೇ ಇರಲಿಲ್ಲ. ಸ್ಟೀರಿಂಗ್ ನೇರ ರಸ್ತೆಯಲ್ಲೂ ಚೂರು ಬಲಕ್ಕೆ ತಿರುಗಿ ನಿಲ್ಲುತ್ತದೆ ಎಂದು ಹುಡುಗ ಹೇಳಿದ. ರಸ್ತೆಯ ಇಳಿಜಾರಿಗೆ ಹಾಗಾಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಟೈರಿನ ಮೇಲೆ ಅಂಗೈ ಆಡಿಸಿದಾಗ ಒಂದು ದಿಕ್ಕಿನಲ್ಲಿ ಮಾತ್ರ ಚುಚ್ಚುತ್ತಿತ್ತು. ಅದನ್ನೂ ಬರೆದಿದ್ದೇನೆ. ಬರೆದದ್ದರ ಅರ್ಥವೇನೆಂದು ಯೋಚಿಸಲಿಲ್ಲ.

ತಪ್ಪು ಕ್ಯಾಂಬರಿನದೇ ಎಂದು ತೀರ್ಮಾನಿಸಿದ್ದೆ. ಪ್ರಿಂಟಿನಲ್ಲಿ ಕೆಂಪಾಗಿದ್ದದ್ದು ಅದೊಂದೇ. ಜುಲೈ ಕೊನೆಯ ವಾರ, ಚಕ್ರವನ್ನು ಸಸ್ಪೆನ್ಷನ್ನಿಗೆ ಹಿಡಿದಿರುವ ಬೋಲ್ಟುಗಳಲ್ಲಿ ಮೇಲಿನದನ್ನು ತೆಗೆದು, ಹೊಟ್ಟೆ ಒಂದು ಕಡೆ ಉಬ್ಬಿರುವ ವಿಶೇಷ ಬೋಲ್ಟ್ ಹಾಕಿದೆ. ಅದನ್ನು ತಿರುಗಿಸಿದರೆ ಚಕ್ರದ ತಲೆ ಹೊರಕ್ಕೆ ಬರುತ್ತದೆ. ಎರಡೂ ಕಡೆ ಮೂರು ಡಿಗ್ರಿಯಷ್ಟಿದ್ದ ವಾಲು ಒಂದೂವರೆಗೆ ಇಳಿಯಿತು. ಕ್ಯಾಂಬರ್ ಬದಲಾದರೆ ಟೋ ಕೂಡ ಕದಲುತ್ತದೆ. ಅದನ್ನು ಮತ್ತೆ ಒಂದು ಮಿಲಿಮೀಟರಿಗೆ ತಂದೆ. ಮತ್ತೆ ಉರುಳಿಸಲಿಲ್ಲ. ಮೊದಲ ಸಲ ಬಟನ್ ಒತ್ತುವಾಗ ಕೈ ತಡೆದಿತ್ತು, ಎರಡನೆಯ ಸಲ ತಡೆಯಲಿಲ್ಲ. ಈಗ ಎಲ್ಲವೂ ಹಸಿರಾಯಿತು. ಮೇಸ್ತ್ರಿ ಸಹಿ ಮಾಡಿದರು.

ಆಗಸ್ಟ್ ಎರಡನೆಯ ವಾರ ಒಳ ಅಂಚು 4. ಮೂರನೆಯ ಸಲ ಯಂತ್ರಕ್ಕೆ ಹಾಕಿ ನೋಡಿದೆ, ಉರುಳಿಸದೆಯೇ. ಎಲ್ಲ ಹಸಿರು. ಆ ಪ್ರಿಂಟಿಗೂ ಮೇಸ್ತ್ರಿ ಓದದೆ ಸಹಿ ಮಾಡಿದರು. ಆ ಸಂಜೆ ಮೇಸ್ತ್ರಿ ಟೀ ಕುಡಿಯುತ್ತ, “ಆ ಬಿಳೀ ಗಾಡಿ ಹೆಂಗಿದೆಯಮ್ಮ?” ಎಂದು ಕೇಳಿದರು. ಪರವಾಗಿಲ್ಲ, ತಗ್ಗಿಸಿದ ಗಾಡಿ ಅಲ್ವಾ, ಸ್ವಲ್ಪ ತಿನ್ನುತ್ತಿದೆ ಎಂದೆ. ಇನ್ನೂರು ದಾಟಿದ ಎಣಿಕೆ ನನ್ನ ತಲೆಯಲ್ಲಿತ್ತು. ಒಳ ಅಂಚು ನಾಲ್ಕಕ್ಕೆ ಇಳಿದಿದೆ ಎಂದಿದ್ದರೆ ಅವರು ಎದ್ದು ಬಂದು ನೋಡುತ್ತಿದ್ದರು.

ಅದಾದ ಮೇಲೆ ಎರಡು ಸಲ ಹುಡುಗ ಬರಲಿಲ್ಲ. ಡೈರಿಯಲ್ಲಿ ಎರಡೂ ಶನಿವಾರ ‘ಬರಲಿಲ್ಲ’ ಎಂದಿದೆ. ಅಷ್ಟೇ ಇದೆ. ಅವನ ಫೋನ್ ನಂಬರು ಅದೇ ಪುಟದ ಮೇಲ್ಭಾಗದಲ್ಲಿತ್ತು.

ಸೆಪ್ಟೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಅವನು ತಾಯಿಯನ್ನು ಬನಶಂಕರಿ ದೇವಸ್ಥಾನಕ್ಕೆ ಕರೆದೊಯ್ಯುವಾಗ ಕನಕಪುರ ರಸ್ತೆಯಲ್ಲಿ ಎಡ ಟೈರು ಸಿಡಿಯಿತು. ಒಳ ಅಂಚು ತಂತಿ ಕಾಣುವಷ್ಟು ಸವೆದಿತ್ತು. ಒಳಗಿನ ಅಂಚಾದ್ದರಿಂದ ಹೊರಗೆ ನಿಂತವರಿಗೆ ಕಾಣುವುದಿಲ್ಲ. ಕಾರು ಡಿವೈಡರಿಗೆ ಗುದ್ದಿತು. ಹುಡುಗನ ಹಣೆಗೆ ಹೊಲಿಗೆ ಬಿತ್ತು. ತಾಯಿಯ ಬಲ ಮಣಿಕಟ್ಟು ಎರಡು ಕಡೆ ಮುರಿಯಿತು.

ಮರುದಿನ ಅವನ ತಂದೆ ಅಂಗಡಿಗೆ ಬಂದರು. ಹಿಂದೆ ಹೊಲ ಉಳುತ್ತಿದ್ದ ಮನುಷ್ಯ. ಈಗಲೂ ನಿಲ್ಲುವಾಗ ಕಾಲು ಅಗಲಿಸಿ ನಿಲ್ಲುತ್ತಾರೆ. ಪ್ಲಾಸ್ಟಿಕ್ ಕವರಿನಿಂದ ಮೂರು ಪ್ರಿಂಟುಗಳನ್ನು ತೆಗೆದು ಕೌಂಟರಿನ ಮೇಲೆ ಸಾಲಾಗಿ ಇಟ್ಟರು. ಅವರು ದನಿ ಏರಿಸಲಿಲ್ಲ.

“ಇದು ಯಾರ ಸೈನು?”

“ನಂದು ಸಾರ್,” ಎಂದರು ಮೇಸ್ತ್ರಿ.

“ಮೂರ್ ಸಲ ಸರಿಯಾಗಿದೆ ಅಂತ ಸೈನ್ ಹಾಕಿದ್ದೀರಿ. ನಮ್ ಮನೆಯೋಳ ಕೈಗೆ ಕಂಬಿ ಕೂರಿಸಿದ್ದಾರೆ.”

ನಾನು ಮೂರು ಹೆಜ್ಜೆ ದೂರದಲ್ಲಿ ಕೈ ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ. ಯಂತ್ರ ಹಸಿರು ತೋರಿಸಿದ್ದು ನಿಜ, ಸವೆತ ಅಳೆಸಲು ಬರದೇ ಇದ್ದದ್ದು ಹುಡುಗ ಎಂದೆಲ್ಲ ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಕೆಲಸ ಮಾಡಿದ್ದು ನಾನು ಎಂಬ ಒಂದು ವಾಕ್ಯ ಬಾಯಿಂದ ಬರಲಿಲ್ಲ. ಹುಡುಗನ ತಂದೆ ಹೋದ ಮೇಲೆ ಅಂಗಡಿ ಮಾಲೀಕರು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದರು. ಸೋಮವಾರದಿಂದ ಬರುವುದು ಬೇಡ, ಕಟ್ಟಡ ಅವರದು, ತನ್ನ ಕೈಯಲ್ಲಿ ಏನೂ ಇಲ್ಲ ಎಂದರು. ಮೇಸ್ತ್ರಿ ತಲೆಯಾಡಿಸಿ, ಪಾನಾಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕತೊಡಗಿದರು.

ಮಧ್ಯಾಹ್ನ ಊಟವಾದ ಮೇಲೆ ಅವರು ಎದ್ದು, ಎಳೆದು ತಂದು ಹಿತ್ತಲಲ್ಲಿ ನಿಲ್ಲಿಸಿದ್ದ ಬಿಳಿ ಕಾರಿನ ಹತ್ತಿರ ಹೋದರು. ನಾನೂ ಹೋದೆ. ಸಿಡಿಯದೆ ಉಳಿದ ಬಲ ಟೈರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅಂಗೈಯನ್ನು ಒಳಗಿನಿಂದ ಹೊರಕ್ಕೆ ಎಳೆದರು. ಆಮೇಲೆ ಹೊರಗಿನಿಂದ ಒಳಕ್ಕೆ. ನನ್ನ ಕೈ ಹಿಡಿದು ಹಾಗೇ ಮಾಡಿಸಿದರು. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸ.

“ಕ್ಯಾಂಬರ್ ತಿಂದ್ರೆ ನುಣ್ಣಗೆ ತಿನ್ನುತ್ತೆ. ಇದು ಟೋ. ಮೂತಿ ಹೊರಕ್ಕೆ ಹೋಗಿದೆ.”

“ಟೋ ಹಸಿರಿತ್ತು ಮೇಸ್ತ್ರಿ. ಮೂರು ಸಲಾನೂ.”

ಅವರು ನನ್ನ ಮುಖ ನೋಡಿದರು. “ಉರುಳಿಸಿದ್ಯಾ?”

ಡೈರಿ ತಂದು ಅವರ ಮುಂದೆ ತೆರೆದೆ. ಆ ಮೂರೂ ದಿನಗಳ ಸಾಲಿನಲ್ಲಿ ‘ರೋಲ್ ಬಿಟ್ಟೆ’ ಎಂದಿತ್ತು, ಒಂದೇ ಶಾಯಿ, ಒಂದೇ ಓರಣದ ಅಕ್ಷರ. ಅವರು ಅದನ್ನು ಓದಿ, ಪುಸ್ತಕ ಮುಚ್ಚಿ, ನನ್ನ ಕೈಗೆ ಕೊಟ್ಟರು.

ಯಂತ್ರವನ್ನೇ ಪರೀಕ್ಷಿಸಲೆಂದು ಅಂಗಡಿ ಮಾಲೀಕರ ಕಾರನ್ನು ಅದಕ್ಕೆ ಹಾಕಿದೆವು. ಉರುಳಿಸಿ ಅಳೆದಾಗ ಟೋ ಒಂದು ಮಿಲಿಮೀಟರ್ ಒಳಕ್ಕೆ. ಕ್ಲ್ಯಾಂಪ್ ಕಳಚದೆ, ಬಟನ್ ಒತ್ತಿ ಉರುಳಿಸದೆ ಅಳೆದಾಗ ಏಳು. ಆರು ಮಿಲಿಮೀಟರಿನ ಸುಳ್ಳು, ಅಷ್ಟೂ ಎಡ ಚಕ್ರದ ಮೇಲೆ. ಎಡ ಕ್ಲ್ಯಾಂಪನ್ನು ಬಿಚ್ಚಿ ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ನಾಲ್ಕು ಕೊಕ್ಕೆಗಳಲ್ಲಿ ಒಂದು ಬಾಗಿತ್ತು. ಯಾವಾಗ ಬಾಗಿತೋ ತಿಳಿಯದು. ಮಿಕ್ಕ ಎಲ್ಲ ಕಾರುಗಳನ್ನೂ ಉರುಳಿಸಿಯೇ ಅಳೆದಿದ್ದರಿಂದ ಯಂತ್ರ ಆ ಸೊಟ್ಟನ್ನು ಕಳೆದುಬಿಡುತ್ತಿತ್ತು. ಬಿಳಿ ಕಾರಿಗೆ ಮಾತ್ರ ಕಳೆದಿರಲಿಲ್ಲ. ಪರದೆ ಒಂದು ಒಳಕ್ಕೆ ಎಂದು ಹಸಿರು ತೋರಿಸಿದಾಗ ಚಕ್ರಗಳು ನಿಜವಾಗಿ ಐದು ಹೊರಕ್ಕೆ ನಿಂತಿದ್ದವು. ಸ್ಟೀರಿಂಗ್ ಬಲಕ್ಕೆ ನಿಲ್ಲುತ್ತಿದ್ದದ್ದೂ ಅದಕ್ಕೇ. ಟೈರು ಉಳಿಸಲೆಂದು ಬಂದ ಕಾರನ್ನು ನಾನೇ ಟೈರು ತಿನ್ನುವಂತೆ ಕೂರಿಸಿ ಕಳಿಸಿದ್ದೆ.

ಮಾಲೀಕರಿಗೆ ಹೇಳೋಣ ಎಂದೆ. ಮೇಸ್ತ್ರಿ ಒಪ್ಪಲಿಲ್ಲ. ಸಹಿ ಹಾಕಿದವನು ತಾನು, ಓದಿ ಹಾಕಬೇಕಿತ್ತು, ಹಾಕಲಿಲ್ಲ ಎಂದರು. ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೋದರು. ಆಗ ಗಂಟೆ ನಾಲ್ಕೂ ಇಪ್ಪತ್ತು.

ಭಾನುವಾರದ ಪುಟ ಖಾಲಿ ಇದೆ. ಸೋಮವಾರ ಮಾಲೀಕರಿಗೆ ಎಲ್ಲವನ್ನೂ ಹೇಳಿ ಡೈರಿ ತೋರಿಸಿದೆ. ಅವರು ಸುಮ್ಮನಿರಲು ಹೇಳಿದರು. ಒಂದು ಹೆಸರಿಗೆ ಕಟ್ಟಡದವರ ಕೋಪ ತಣಿದಿದೆ, ಈಗ ಇನ್ನೊಂದು ಹೆಸರು ಕೊಟ್ಟರೆ ಅಂಗಡಿಯನ್ನೇ ಖಾಲಿ ಮಾಡಿಸುತ್ತಾರೆ ಎಂಬುದು ಅವರ ಭಯ. ಆ ಭಯ ಸುಳ್ಳಾಗಿರಲಿಲ್ಲ. ನಮ್ಮಲ್ಲಿ ಇನ್ನೂ ಐದು ಜನ ಕೆಲಸಕ್ಕಿದ್ದಾರೆ. ಮಂಗಳವಾರ ಅರ್ಧ ದಿನ ರಜೆ ಹಾಕಿ, ಅವರಿಗೆ ಹೇಳದೆ ಸುಬ್ರಹ್ಮಣ್ಯಪುರದ ಬಸ್ಸು ಹತ್ತಿದೆ.

ಮೂರಂತಸ್ತಿನ ಮನೆ. ಕೆಳಗೆ ಒಂದು ಕಟ್ಟೆ, ಅದರ ಮೇಲೆ ಹುಡುಗನ ತಂದೆ ಪೇಪರ್ ಓದುತ್ತ ಕೂತಿದ್ದರು. ನಿಂತೇ ಹೇಳಿದೆ. ಡೈರಿ ಕೊಟ್ಟೆ. ಅವರು ಬೆರಳಿಟ್ಟು ಓದಿದರು. ‘ರೋಲ್ ಬಿಟ್ಟೆ’ ಅಂದರೇನೆಂದು ಕೇಳಿದರು. ಸೀಮೆಸುಣ್ಣದ ತುಂಡಿನಿಂದ ಕಟ್ಟೆಯ ಮೇಲೆ ಎರಡು ಚಕ್ರ ಬರೆದು ವಿವರಿಸಿದೆ. ಹಣೆಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ಹುಡುಗ ತಂದೆಯ ಕಡೆ ನೋಡದೆ ಹೇಳಿದ.

“ಉರುಳಿಸ್ಬೇಡಿ ಅಂದಿದ್ದು ನಾನೇ ಅಪ್ಪ.”

“ನೀನ್ ಹೇಳ್ತೀಯ. ಕೆಲಸ ಗೊತ್ತಿರೋದು ಯಾರಿಗೆ?” ಎಂದರು ತಂದೆ.

ಒಳಗಿನಿಂದ ತಾಯಿ ಬಂದರು. ಮೊಣಕೈವರೆಗೆ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹೊತ್ತುಕೊಂಡಿದ್ದರು. ಎಲ್ಲವನ್ನೂ ಅವರು ಕೇಳಿಸಿಕೊಂಡಿದ್ದರು. ಯಂತ್ರದ ವಿಷಯ, ಕೊಕ್ಕೆಯ ವಿಷಯ ಯಾವುದನ್ನೂ ಕೇಳಲಿಲ್ಲ.

“ಟೈರ್ ಸವೀತಿದೆ ಅಂತ ನಿಂಗೆ ಗೊತ್ತಿತ್ತಲ್ಲ. ಒಂದ್ ಫೋನ್ ಮಾಡ್ಬಾರ್ದಿತ್ತೇನಮ್ಮ?”

ಕಟ್ಟೆಯ ಮೇಲೆ ಬರೆದಿದ್ದ ಚಕ್ರಗಳನ್ನು ಅಂಗೈಯಿಂದ ಒರೆಸಿದೆ.

ತಂದೆ ಡೈರಿಯನ್ನು ವಾಪಸು ಕೊಟ್ಟು, ಆ ಮೇಸ್ತ್ರಿಯನ್ನು ಮತ್ತೆ ಕೆಲಸಕ್ಕೆ ಕರೆದುಕೊಳ್ಳಲು ನಿಮ್ಮ ಮಾಲೀಕನಿಗೆ ಫೋನ್ ಮಾಡುತ್ತೇನೆ ಎಂದರು. ನನ್ನ ಬಗ್ಗೆ ಏನೂ ಹೇಳಲಿಲ್ಲ. ಸಂಜೆಯೇ ಫೋನ್ ಮಾಡಿದರು. ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಹದಿನೈದು ದಿನ ನನ್ನೊಡನೆ ಕೆಲಸಕ್ಕೆ ಬೇಕಾದ್ದಷ್ಟೇ ಮಾತಾಡಿದರು. ಅವರು ಮೇಸ್ತ್ರಿಗೆ ಎರಡು ಸಲ ಫೋನ್ ಮಾಡಿದರು. ನೋಡೋಣ ಎಂದರಂತೆ.

ಕ್ಲ್ಯಾಂಪ್ ಬದಲಾಯಿತು. ಅಕ್ಟೋಬರ್ ಮೊದಲ ವಾರ ಬಿಳಿ ಕಾರು ರಿಪೇರಿಯಾಗಿ, ಹೊಸ ಟೈರುಗಳೊಂದಿಗೆ ಬಂತು. ಇಪ್ಪತ್ತೈದು ಮಿಲಿಮೀಟರ್ ಏರಿಸಬೇಕು, ಬಂಪರಿನ ತುಟಿ ತಡೆಗಳನ್ನು ದಾಟಬೇಕು, ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ ಎಂದೆ. ಹುಡುಗ ವಾದಿಸಲಿಲ್ಲ. ನಾಲ್ಕೂ ಸ್ಪ್ರಿಂಗುಗಳ ಬಳೆ ತಿರುಗಿಸಿ, ಕಾರನ್ನು ಬೀದಿಯಲ್ಲಿ ಎರಡು ಸುತ್ತು ಓಡಿಸಿ ಸ್ಪ್ರಿಂಗು ಕೂರಲು ಬಿಟ್ಟು, ಎತ್ತರ ಅಳೆದು, ರ‍್ಯಾಂಪಿಗೆ ಹತ್ತಿಸಿದೆ. ತಡೆಗಳು ಜಾಗದಲ್ಲೇ ಇದ್ದವು. ಉರುಳಿಸಿದೆ. ಮೊದಲು ಕ್ಯಾಂಬರ್, ಆಮೇಲೆ ಟೋ. ಕ್ಲ್ಯಾಂಪ್ ಬಿಚ್ಚಿ ಮತ್ತೆ ಕಚ್ಚಿಸಿ, ಮತ್ತೆ ಉರುಳಿಸಿ, ಎರಡನೆಯ ಸಲ ಅಳೆದೆ. ಎರಡೂ ಒಂದೇ ಬಂತು. ಎಂಟು ವಾರದ ಮೇಲೆ ಎಡ ಟೈರು: ಹೊರ ಅಂಚು 7.1, ನಡು 7, ಒಳ ಅಂಚು 6.9. ಅಂಗೈ ಎರಡೂ ಕಡೆಗೆ ನುಣ್ಣಗೆ ಜಾರಿತು. ಈ ಎಂಟು ವಾರಗಳಲ್ಲಿ ಒಂದು ಶನಿವಾರ ಹುಡುಗ ಬಂದಿರಲಿಲ್ಲ. ಅಂದೇ ಹನ್ನೊಂದು ಗಂಟೆಗೆ ಫೋನ್ ಮಾಡಿ ಕರೆಸಿದ್ದೆ.

ಆ ಅಂಕಿಗಳನ್ನು ತೆಗೆದುಕೊಂಡು ಡಿಸೆಂಬರ್ ಮೊದಲ ಭಾನುವಾರ ಮೇಸ್ತ್ರಿಯನ್ನು ಹುಡುಕಿ ಹೋದೆ. ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ, ಪರಿಚಯದವರ ಪಂಕ್ಚರ್ ಶೆಡ್ಡಿನಲ್ಲಿ ಕೂರುತ್ತಿದ್ದರು. ಒಂದು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ನನ್ನನ್ನು ನೋಡಿ ಸ್ಟೂಲ್ ಎಳೆದು ಕೊಟ್ಟರು. ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದರು. ಹಾಳೆ ಕೊಟ್ಟೆ. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಮೊದಲ ಸಾಲಿನಿಂದ ಕೊನೆಯವರೆಗೂ ಓದಿದರು. ಎರಡು ಕಡೆ ನಿಂತು ಮತ್ತೆ ಹಿಂದಕ್ಕೆ ಹೋಗಿ ಓದಿದರು.

ಚೆನ್ನಾಗಿ ಮಾಡಿದ್ದೀಯ ಎಂದರು.

ವಾಪಸು ಬನ್ನಿ ಮೇಸ್ತ್ರಿ ಎಂದೆ. ಮಾಲೀಕರು ಕಾಯುತ್ತಿದ್ದಾರೆ, ಕಟ್ಟಡದವರೂ ಹೇಳಿದ್ದಾರೆ, ಯಾರ ತಪ್ಪೆಂದು ಈಗ ಎಲ್ಲರಿಗೂ ಗೊತ್ತು ಎಂದೆ. ಅವರು ಹಾಳೆಯನ್ನು ಬಂದ ಮಡಿಕೆಯಲ್ಲೇ ಮಡಚಿದರು.

“ಕೋಪ ಏನಿಲ್ಲ ಕಣಮ್ಮ. ಬಂದ್ರೆ ನಿನ್ನ ಒಂದೊಂದ್ ಗಾಡೀನೂ ನಿಂತ್ಕೊಂಡ್ ನೋಡ್ಬೇಕು ನಾನು. ಉರುಳಿಸಿದ್ಳಾ, ಬಿಟ್ಳಾ ಅಂತ. ಮೊದ್ಲು ನೋಡ್ತಿರ್ಲಿಲ್ಲ, ಅದೇ ಒಂದ್ ಸುಖ ಇತ್ತು. ಇನ್ನು ಅದು ಆಗಲ್ಲ.”

ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಸ್ಕೂಟರ್ ತಳ್ಳಿಕೊಂಡು ಒಬ್ಬರು ಬಂದರು. ಮೇಸ್ತ್ರಿ ಹಾಳೆಯನ್ನು ನನ್ನ ಕೈಗಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದು, ಯಾವ ಚಕ್ರ ಸಾರ್ ಎಂದು ಕೇಳಿದರು.